ಸುಲಭವಾಗಿ ಮೂಳೆ ಮುರಿಯುವ ಮಗು: ಎತ್ತುವುದು, ಎರೆಯುವುದು, ಮುರಿದಾಗ ನೋಡಿಕೊಳ್ಳುವುದು – ಹಂತ ಹಂತವಾಗಿ

ಆಸ್ಟಿಯೋಜೆನೆಸಿಸ್ ಇಂಪರ್‌ಫೆಕ್ಟಾ, ಚಿಕ್ಕದಾಗಿ ಒಐ. ಈ ಕಾಯಿಲೆ ಇರುವ ಕೂಸನ್ನು ಮನೆಗೆ ಕಳಿಸುವಾಗ "ಹುಷಾರಾಗಿ ನೋಡಿಕೊಳ್ಳಿ" ಎಂದು ಹೇಳುತ್ತಾರೆ. ಕೈ ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂದು ತೋರಿಸಿಕೊಡುವವರು ಕಡಿಮೆ. ಹಾಗಾಗಿ ಮನೆಮನೆಯಲ್ಲೂ ಅದೇ ತಪ್ಪುಗಳು ಮರುಕಳಿಸುತ್ತವೆ: ಡೈಪರ್ ಬದಲಿಸಲು ಎರಡೂ ಕಾಲು ಹಿಡಿದು ಮೇಲೆತ್ತುವುದು, ಅಂಗಿಯ ತೋಳಿನೊಳಗಿಂದ ಕೈ ಎಳೆಯುವುದು, ಎಣ್ಣೆ ತಿಕ್ಕಿ ಕೈಕಾಲು ಮಡಚಿ ಬಿಡಿಸುವುದು, ಕಂಕುಳಿಗೆ ಕೈ ಕೊಟ್ಟು ಎತ್ತುವುದು. ಇವಿಷ್ಟನ್ನು ಬದಲಿಸಿಕೊಂಡರೆ ತಡೆಯಬಹುದಾದ ಮುರಿತಗಳಲ್ಲಿ ದೊಡ್ಡ ಪಾಲು ತಪ್ಪುತ್ತದೆ.

ಮೂಳೆಗೆ ಬಿಗಿ ಕೊಡುವ ಒಂದನೇ ಬಗೆಯ ಕೊಲಾಜೆನ್ ಎಂಬ ಪ್ರೋಟೀನು ಈ ಮಕ್ಕಳಲ್ಲಿ ಕಡಿಮೆ ಇರುತ್ತದೆ ಅಥವಾ ಸರಿಯಾಗಿ ರೂಪುಗೊಂಡಿರುವುದಿಲ್ಲ. ಇದು ಕ್ಯಾಲ್ಸಿಯಂ ಕೊರತೆಯ ರೋಗವಲ್ಲ, ತಾಯಿ ಬಸುರಿಯಾಗಿದ್ದಾಗ ಏನೋ ತಿಂದದ್ದರಿಂದ ಅಥವಾ ತಿನ್ನದೆ ಇದ್ದುದರಿಂದ ಬಂದದ್ದೂ ಅಲ್ಲ. ತೀವ್ರತೆ ಮಗುವಿನಿಂದ ಮಗುವಿಗೆ ಬಹಳ ಬೇರೆ. ಒಂದು ಮಗುವಿಗೆ ಬಾಲ್ಯದಲ್ಲಿ ನಾಲ್ಕೈದು ಮುರಿತವಾದರೆ ಇನ್ನೊಂದಕ್ಕೆ ಗರ್ಭದಲ್ಲೇ ಮೂಳೆ ಮುರಿದಿರುತ್ತದೆ. ಎಷ್ಟೇ ಜಾಗ್ರತೆ ಮಾಡಿದರೂ ಕೆಲವು ಮುರಿತಗಳು ಆಗಿಯೇ ಆಗುತ್ತವೆ, ಅದಕ್ಕೆ ಯಾರನ್ನೂ ದೂರಬೇಡಿ. ಮುರಿತದ ಭಯಕ್ಕೆ ಮಗುವನ್ನು ಸದಾ ಮಲಗಿಸಿಯೇ ಇಟ್ಟರೆ ಮೂಳೆ, ಸ್ನಾಯು ಎರಡೂ ಸೊರಗಿ ಮುಂದಿನ ಮುರಿತ ಇನ್ನೂ ಸುಲಭವಾಗುತ್ತದೆ. ಈ ಮಾರ್ಗದರ್ಶಿಯ ಪ್ರತಿ ಹಂತವೂ ಈ ಎರಡು ಅಪಾಯಗಳ ನಡುವಿನ ದಾರಿ.

## 1. ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಮಗು ಆಸ್ಪತ್ರೆಯಿಂದ ಬರುವ ಮೊದಲೇ, ಅಥವಾ ರೋಗ ಗೊತ್ತಾದ ವಾರದಲ್ಲೇ ಇವನ್ನು ಒಂದು ಕಡೆ ಇಡಿ:

- ಎರಡು ಇಂಚು ದಪ್ಪದ, ಒತ್ತಿದರೆ ಕುಸಿದುಹೋಗದ ಫೋಮ್ ಹಾಸು. ಮಗುವಿಗಿಂತ ಒಂದು ಗೇಣು ಉದ್ದ, ಅಗಲವಿರಲಿ. ಮಗುವನ್ನು ಒಬ್ಬರಿಂದ ಒಬ್ಬರಿಗೆ ಕೊಡುವಾಗ ಈ ಹಾಸಿನ ಸಮೇತ ಕೊಡಬಹುದು.
- ಸುತ್ತಿ ಆನಿಕೆ ಮಾಡಲು ನಾಲ್ಕೈದು ಟವೆಲ್.
- ಮುಂದೆ ಪೂರ್ತಿ ಬಿಚ್ಚುವ, ಅಗಲ ತೋಳಿನ ಹತ್ತಿ ಅಂಗಿಗಳು. ತಲೆಯ ಮೇಲಿಂದ ಹಾಕುವ ಬನಿಯನ್, ಬಿಗಿ ಸ್ವೆಟರ್ ಬೇಡ.
- ಮುರಿತದ ಚೀಲ: ನಾಲ್ಕು ಮತ್ತು ಆರು ಇಂಚಿನ ಕ್ರೇಪ್ ಬ್ಯಾಂಡೇಜ್, ಹತ್ತಿ ಸುರುಳಿ, ಕತ್ತರಿಸಿದ ರಟ್ಟಿನ ಪಟ್ಟಿಗಳು, ಅಂಟು ಟೇಪು, ಕತ್ತರಿ, ವೈದ್ಯರು ಬರೆದುಕೊಟ್ಟ ನೋವಿನ ಔಷಧಿ.
- ವೈದ್ಯರ ಸಹಿ, ಮೊಹರು ಇರುವ ಒಂದು ಪುಟದ ಪತ್ರ: ರೋಗದ ಹೆಸರು, ಹಿಂದಿನ ಮುರಿತಗಳ ಪಟ್ಟಿ, ಕೊನೆಯ ಡ್ರಿಪ್‌ನ (ಮೂಳೆಯ ಸಾಂದ್ರತೆ ಹೆಚ್ಚಿಸಲು ರಕ್ತನಾಳಕ್ಕೆ ಕೊಡುವ ಔಷಧಿ, ಭಾಗ 7 ನೋಡಿ) ದಿನಾಂಕ, ಮಗುವಿನ ತೂಕ. ಅದರ ಫೋಟೋ ಮನೆಯ ಎಲ್ಲರ ಮೊಬೈಲ್‌ನಲ್ಲಿರಲಿ. ಅಮೆರಿಕ, ಬ್ರಿಟನ್‌ನಂಥ ದೇಶಗಳಲ್ಲಿರುವ ಕನ್ನಡಿಗರಿಗೆ ಈ ಪತ್ರ ಇನ್ನೂ ಮುಖ್ಯ. ಕೂಸಿನ ಮೂಳೆ ಮತ್ತೆ ಮತ್ತೆ ಮುರಿದಿದ್ದರೆ ಅಲ್ಲಿ ಯಾರಾದರೂ ಹೊಡೆದಿದ್ದಾರೆಯೇ ಎಂದು ವಿಚಾರಿಸುವುದು ಆಸ್ಪತ್ರೆಯ ಕರ್ತವ್ಯ.

## 2. ಎತ್ತುವುದು ಮತ್ತು ಇಳಿಸುವುದು

ಇಲ್ಲಿ ಒಂದೇ ಸೂತ್ರ: ಮಗುವಿನ ಭಾರ ಒಂದು ಬಿಂದುವಿನ ಮೇಲೆ ಬೀಳಬಾರದು, ಅಗಲವಾಗಿ ಹರಡಿರಬೇಕು. ಎಳೆತ, ತಿರುಚು, ಬಾಗಿಸಿ ಒತ್ತುವುದು – ಮೂರೂ ಬೇಡ.

ಮೊದಲು: ಉಂಗುರ, ಬಳೆ, ಕೈಗಡಿಯಾರ ತೆಗೆಯಿರಿ. ಮಗುವನ್ನು ಎಲ್ಲಿಗೆ ಒಯ್ಯುತ್ತೀರಿ ಎಂದು ನಿಶ್ಚಯಿಸಿ ಆ ಜಾಗ ಸಿದ್ಧಮಾಡಿಡಿ. ಎತ್ತಿಕೊಂಡ ಮೇಲೆ ದಿಂಬು ಹುಡುಕಲು ಹೋದಾಗ ಹಿಡಿತ ಸಡಿಲಾಗುತ್ತದೆ.

ಕೈ ಇಡುವ ಕ್ರಮ: ಬೆರಳುಗಳನ್ನು ಪೂರ್ತಿ ಅಗಲಿಸಿ. ಒಂದು ಅಂಗೈ ತಲೆ, ಕತ್ತು, ಹೆಗಲುಗಳ ಕೆಳಗೆ ಜಾರಲಿ. ಇನ್ನೊಂದು ಕೈ ಪೃಷ್ಠದ ಕೆಳಗೆ ಹೋಗಿ, ಮುಂಗೈ ತೊಡೆಗಳಿಗೆ ಆನಿಕೆಯಾಗಲಿ. ಕೂಸಿನ ಕೈಗಳು ಎದೆಯ ಮೇಲಿವೆಯೇ, ಬೆನ್ನ ಹಿಂದೆಯೋ ಅಂಗಿಯ ಮಡಿಕೆಯಲ್ಲೋ ಸಿಕ್ಕಿಕೊಂಡಿವೆಯೇ ನೋಡಿ. ಆಮೇಲೆ ನಿಮ್ಮ ಮೈಯನ್ನೇ ಮಗುವಿನ ಹತ್ತಿರಕ್ಕೆ ಬಗ್ಗಿಸಿ, ಎದೆಗೆ ಒರಗಿಸಿಕೊಂಡು ಒಟ್ಟಿಗೆ ಮೇಲೇಳಿ.

ಇಳಿಸುವಾಗ: ಮೊದಲು ಪೃಷ್ಠ, ನಂತರ ಬೆನ್ನು, ಕೊನೆಗೆ ತಲೆ. ಕೈಯನ್ನು ಸರಕ್ಕನೆ ಎಳೆದುಕೊಳ್ಳಬೇಡಿ. ಅಂಗೈಯಿಂದ ಹಾಸನ್ನು ಕೆಳಕ್ಕೆ ಒತ್ತಿ ಮೆಲ್ಲಗೆ ಹೊರತೆಗೆಯಿರಿ.

ಕಂಕುಳಿಗೆ ಕೈಕೊಟ್ಟು ಎತ್ತಿದರೆ ಪಕ್ಕೆಲುಬು, ಹೆಗಲಿನ ಮೂಳೆಗಳ ಮೇಲೆ ಒತ್ತಡ ಬೀಳುತ್ತದೆ, ಕಾಲುಗಳು ಜೋತಾಡಿ ಎಲ್ಲಿಯಾದರೂ ಸಿಕ್ಕಿಕೊಳ್ಳುತ್ತವೆ. ಕೈ ಹಿಡಿದು ಎಬ್ಬಿಸುವುದು, ಮೇಲಕ್ಕೆ ಎಸೆದು ಹಿಡಿಯುವುದು, ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುವುದು ಕೂಡದು. ತೇಗಿಸಲು ಬೆನ್ನು ತಟ್ಟಬೇಡಿ. ಹೆಗಲ ಮೇಲೆ ಮಡಚಿದ ಬಟ್ಟೆ ಹಾಕಿ ಮಗುವನ್ನು ಒರಗಿಸಿಕೊಂಡು ಅಂಗೈಯಿಂದ ಮೇಲ್ಮುಖವಾಗಿ ಸವರಿದರೆ ಸಾಕು.

ಮನೆಗೆ ಬರುವ ನೆಂಟರ ವಿಷಯದಲ್ಲಿ ದಾಕ್ಷಿಣ್ಯ ಬೇಡವೇ ಬೇಡ. ಕಲಿಯದವರು ಕೂತಿರಲಿ, ನೀವೇ ಹಾಸಿನ ಸಮೇತ ಮಗುವನ್ನು ಅವರ ಮಡಿಲಿಗೆ ಇಡಿ. ಅಜ್ಜಿ, ಅಜ್ಜ, ಚಿಕ್ಕಮ್ಮ ಹೀಗೆ ದಿನವೂ ನೋಡಿಕೊಳ್ಳುವವರು ಮೊದಲು ಒಂದು ದೊಡ್ಡ ಬಟ್ಟೆಗೊಂಬೆಯಲ್ಲಿ ಅಭ್ಯಾಸ ಮಾಡಲಿ. ತಾಯಿಯೊಬ್ಬಳಿಗೇ ಈ ಹಿಡಿತ ಗೊತ್ತಿದ್ದರೆ ಅವಳು ಮಲಗುವ ಹೊತ್ತು ಮಗುವಿಗೆ ಕಾವಲಿಲ್ಲದ ಹೊತ್ತು.

## 3. ಡೈಪರ್ ಮತ್ತು ಬಟ್ಟೆ

ಹರಡು ಹಿಡಿದು ಎರಡೂ ಕಾಲು ಮೇಲೆತ್ತಿದಾಗ ಸೊಂಟದ ಕೆಳಗಿನ ಭಾರವೆಲ್ಲ ತೊಡೆಮೂಳೆಯ ಮೇಲೆ ಬೀಳುತ್ತದೆ. ಹೀಗೆ ಮಾಡಿ:

1. ಹೊಸ ಡೈಪರ್ ಅಥವಾ ಲಂಗೋಟಿಯನ್ನು ಬಿಚ್ಚಿ ಪಕ್ಕದಲ್ಲಿಡಿ.
2. ಹಳೆಯದರ ಪಟ್ಟಿ ಬಿಚ್ಚಿ, ಮುಂಭಾಗ ಒರೆಸಿ.
3. ಬೆರಳು ಅಗಲಿಸಿದ ಅಂಗೈಯನ್ನು ಪೃಷ್ಠದ ಕೆಳಗೆ ಜಾರಿಸಿ. ತೊಡೆಗಳು ನಿಮ್ಮ ಮುಂಗೈ ಮೇಲಿರಲಿ. ಒಂದೆರಡು ಇಂಚು ಮಾತ್ರ ಎತ್ತಿ.
4. ಇನ್ನೊಂದು ಕೈಯಿಂದ ಹಳೆಯದನ್ನು ಎಳೆದು ಹೊಸದನ್ನು ಸರಿಸಿ, ಇಳಿಸಿ.
5. ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು.

ಅಂಗಿ ತೊಡಿಸುವಾಗ ಮಗುವಿನ ಕೈಯನ್ನು ತೋಳಿನೊಳಗೆ ತೂರಿಸಬೇಡಿ. ತೋಳನ್ನು ಸುರುಳಿಯಾಗಿ ಮಡಚಿ, ಹೊರಗಿನಿಂದ ನಿಮ್ಮ ಕೈಯನ್ನು ಅದರೊಳಗೆ ತಂದು, ಮಗುವಿನ ಮುಂಗೈಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬಟ್ಟೆಯನ್ನು ಅದರ ಮೇಲೆ ಸರಿಸಿ. ಚಲಿಸಬೇಕಾದದ್ದು ಬಟ್ಟೆ. ನೋವಿರುವ ಕೈಗೆ ಮೊದಲು ಹಾಕಿ, ಕೊನೆಗೆ ಬಿಚ್ಚಿ. ಅಂಗಿಯ ಒಳಗಿನ ಸಡಿಲ ದಾರ ಕತ್ತರಿಸಿ ತೆಗೆಯಿರಿ, ಪುಟ್ಟ ಬೆರಳು ಅದರಲ್ಲಿ ಸಿಕ್ಕಿದರೆ ಎಳೆದಾಗ ಮುರಿಯುತ್ತದೆ. ಈ ಮಕ್ಕಳಿಗೆ ಬೆವರು ಹೆಚ್ಚು. ಕುಲಾವಿ, ಸ್ವೆಟರ್, ಕೌದಿ ಎಲ್ಲ ಹೊದಿಸಿ ಸೆಕೆಯಲ್ಲಿ ಬೇಯಿಸಬೇಡಿ.

## 4. ಎಣ್ಣೆ, ನೀರು, ಬಾಣಂತನ

ನಮ್ಮಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ. ಎರೆಯಲು ಬರುವ ಹೆಂಗಸು ಅನುಭವಸ್ಥೆಯೇ ಇರಬಹುದು, ಆದರೆ ಅವರ ಕೈಗೆ ಅಭ್ಯಾಸವಾಗಿರುವುದು ಗಟ್ಟಿ ಮೂಳೆಯ ಕೂಸುಗಳು. ಕಾಲು ನೀಡಿ ಕೂತು ಕಣಕಾಲುಗಳ ಮೇಲೆ ಬೋರಲು ಮಲಗಿಸುವುದು, ಬಲಗೈಯನ್ನು ಎಡಗಾಲಿಗೆ ತಂದು ಮುಟ್ಟಿಸುವುದು, ಬೆನ್ನು ನೀವುವುದು, ತಲೆ ಒತ್ತಿ ಉರುಟು ಮಾಡುವುದು, ಮೂಗು ತಿದ್ದುವುದು, ನೀರಾದ ಮೇಲೆ ಕಾಲು ಹಿಡಿದು ತಲೆಕೆಳಗು ಮಾಡುವುದು: ಇವು ಪ್ರತಿಯೊಂದೂ ಒಐ ಮಗುವಿಗೆ ಮುರಿತದ ದಾರಿ. ತಲೆಬುರುಡೆಯೂ ಮೆದು ಇರುತ್ತದೆ. ಎರೆಯುವವರಿಗೆ ಇದನ್ನು ಮೊದಲ ದಿನವೇ ಬಿಡಿಸಿ ಹೇಳಿ. ಒಪ್ಪದಿದ್ದರೆ ನೀವೇ ಸ್ನಾನ ಮಾಡಿಸಿ.

ಅಗಲ ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಮಡಚಿದ ದಪ್ಪ ಟವೆಲ್ ಹಾಸಿ. ನೀರು ನಾಲ್ಕು ಬೆರಳು ಎತ್ತರ ಸಾಕು. ಬಿಸಿಯನ್ನು ಮೊಣಕೈಯಿಂದ ನೋಡಿ, ಬೆಚ್ಚಗೆ ಅನಿಸಬೇಕು, ಚುರುಕು ಅನಿಸಬಾರದು. ಟಬ್ಬನ್ನು ನೆಲದ ಮೇಲೇ ಇಡಿ. ಎಣ್ಣೆಯನ್ನು ಸ್ನಾನಕ್ಕೆ ಮೊದಲು ಹಚ್ಚಬೇಡಿ, ಜಾರುವ ಮಗುವನ್ನು ಹಿಡಿಯಲು ಬಿಗಿಹಿಡಿತ ಬೇಕಾಗುತ್ತದೆ, ಆ ಬಿಗಿತವೇ ಮುರಿಯುತ್ತದೆ. ಹಚ್ಚಲೇಬೇಕೆಂದಿದ್ದರೆ ಸ್ನಾನವಾದ ಮೇಲೆ, ಹಾಸಿನ ಮೇಲೆ ಮಲಗಿಸಿ, ಒತ್ತದೆ ಸವರಿ. ಟಬ್ಬಿನಿಂದ ಎತ್ತುವಾಗ ತಳದ ಟವೆಲ್ ಸಮೇತ ಎತ್ತಿದರೆ ಹಿಡಿತ ತಪ್ಪುವುದಿಲ್ಲ.

ಸ್ವಲ್ಪ ದೊಡ್ಡವಾದ ಮೇಲೆ ನೀರೇ ಒಳ್ಳೆಯ ವ್ಯಾಯಾಮಶಾಲೆ. ಬೆಚ್ಚನೆಯ ನೀರಿನಲ್ಲಿ ಮಗು ತಾನಾಗಿ ಕಾಲು ಬಡಿಯಲಿ, ನೀವು ಬಡಿಸಬೇಡಿ. ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ.

## 5. ಮಲಗಿಸುವುದು, ಕೂರಿಸುವುದು, ಆಡಿಸುವುದು

ಸೀರೆಯ ಜೋಲಿ ಬೇಡ. ಬೆನ್ನು ಬಿಲ್ಲಿನಂತೆ ಬಾಗಿ ಬೆನ್ನೆಲುಬು, ಪಕ್ಕೆಲುಬು ಅಮುಕುತ್ತವೆ. ರಾತ್ರಿ ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ, ಸುತ್ತ ಸಡಿಲ ಬಟ್ಟೆ, ದಿಂಬು ಇರಬಾರದು. ದೊಡ್ಡವರ ಪಕ್ಕದಲ್ಲೇ ಮಲಗಿಸಿದರೆ ನಿದ್ದೆಯಲ್ಲಿ ಕೈ ಮೇಲೆ ಬೀಳುವ ಭಯವಿದೆ, ಅದೇ ಕೋಣೆಯಲ್ಲಿ ಬೇರೆ ಹಾಸಿಗೆ ಇರಲಿ.

ಹಗಲಲ್ಲಿ, ಮಗು ಎಚ್ಚರವಿದ್ದು ನೀವು ಎದುರಿಗಿರುವಾಗ, ಗಂಟೆಗೊಮ್ಮೆಯಾದರೂ ಭಂಗಿ ಬದಲಿಸಿ: ಅಂಗಾತ, ಬೆನ್ನಿಗೆ ಟವೆಲ್ ಸುರುಳಿ ಆನಿಸಿ ಎಡಮಗ್ಗುಲು, ಬಲಮಗ್ಗುಲು, ಆಮೇಲೆ ಅರೆ ಒರಗಿ ಕೂತ ನಿಮ್ಮ ಎದೆಯ ಮೇಲೆ ಬೋರಲು. ಒಂದೇ ಭಂಗಿಯಲ್ಲಿ ಬಿಟ್ಟರೆ ಮೆದು ತಲೆ ಚಪ್ಪಟೆಯಾಗುತ್ತದೆ, ಕಾಲುಗಳು ಕಪ್ಪೆಯ ಕಾಲಿನಂತೆ ಹೊರಕ್ಕೆ ಬಿದ್ದು ಅಲ್ಲೇ ಬಿಗಿಯುತ್ತವೆ. ತೊಡೆಗಳ ಹೊರಬದಿಗೆ ಸುರುಳಿ ಇಟ್ಟರೆ ಕಾಲು ನೇರ ನಿಲ್ಲುತ್ತದೆ.

ಕತ್ತು ನಿಲ್ಲುವ ಮೊದಲು ನೆಟ್ಟಗೆ ಕೂರಿಸಬೇಡಿ. ಮೊದಲು ಒರಗು ಕೊಟ್ಟು, ವಾರಗಳ ಅವಧಿಯಲ್ಲಿ ಒರಗನ್ನು ಸ್ವಲ್ಪ ಸ್ವಲ್ಪವೇ ಎತ್ತರಿಸಿ. ಎಷ್ಟೋ ಒಐ ಮಕ್ಕಳು ಅಂಬೆಗಾಲಿನ ಬದಲು ಕೂತಲ್ಲೇ ಜರುಗುತ್ತಾ ಮನೆಯೆಲ್ಲ ಸುತ್ತುತ್ತವೆ. ಅದೂ ಒಳ್ಳೆಯ ಚಲನೆಯೇ, ತಡೆಯಬೇಡಿ. ಸಾಮಾನ್ಯ ನಿಯಮ ಇಷ್ಟು: ಮಗು ತಾನಾಗಿ ಮಾಡುವ ಚಲನೆಗೆ ಜಾಗ ಕೊಡಿ, ನಾವು ಹಿಡಿದು ಮಾಡಿಸುವ ಚಲನೆ ಬೇಡ. ಎಳೆದು ನಿಲ್ಲಿಸುವುದು, ಚಕ್ರದ ವಾಕರ್‌ಗೆ ಹಾಕುವುದು ಎರಡೂ ನಿಷಿದ್ಧ. ಮಗು ತಾನೇ ಹಿಡಿದು ನಿಲ್ಲಲು ಹವಣಿಸಿದಾಗ ಫಿಸಿಯೋಥೆರಪಿಸ್ಟ್ ಬಳಿ ಹೋಗಿ. ಕಾಲಿಗೆ ಹಗುರ ಬ್ರೇಸ್ ಬೇಕೇ ಎಂದು ಅವರು ನೋಡುತ್ತಾರೆ. ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಈ ಸೇವೆಯನ್ನು ವಿಚಾರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅದು ಉಚಿತ.

ನಡೆಯುವ ಮಗುವಿದ್ದರೆ ಒದ್ದೆ ಟೈಲ್ಸ್, ಮಡಚಿಕೊಂಡ ಚಾಪೆಯ ಅಂಚು, ಹೊಸ್ತಿಲು, ಕಾಲುಚೀಲ ಇವೇ ವೈರಿಗಳು. ಬಚ್ಚಲಿನ ಬಾಗಿಲು ಸದಾ ಮುಚ್ಚಿರಲಿ.

## 6. ಮುರಿದಾಗ: ಮೊದಲ ಒಂದು ಗಂಟೆ

ಗುರುತಿಸುವುದು. ಮಾತು ಬಾರದ ಕೂಸು ಒಂದು ಕೈಯನ್ನೋ ಕಾಲನ್ನೋ ಅಲ್ಲಾಡಿಸುವುದನ್ನು ನಿಲ್ಲಿಸುತ್ತದೆ, ಆ ಕಡೆ ಮುಟ್ಟಿದರೆ, ಡೈಪರ್ ಬದಲಿಸಿದರೆ ಚೀರುತ್ತದೆ. ಊತ, ಬಿಸಿ, ಸೊಟ್ಟ ಕಾಣಬಹುದು, ಕಾಣದೆಯೂ ಇರಬಹುದು. ಪಕ್ಕೆಲುಬು ಮುರಿದಿದ್ದರೆ ಎತ್ತಿದಾಗ, ಕೆಮ್ಮಿದಾಗ ಅಳುತ್ತದೆ, ಉಸಿರು ಮೇಲುಮೇಲೆ ಇರುತ್ತದೆ. ನಿಂತಿದ್ದ ಮಗು ಇದ್ದಕ್ಕಿದ್ದಂತೆ ಕಾಲೂರಲು ಒಪ್ಪದಿದ್ದರೂ ಮುರಿತವೆಂದೇ ತಿಳಿಯಿರಿ.

1. ಅಲ್ಲಾಡಿಸಬೇಡಿ. ನೇರ ಮಾಡಲು, ಉಳುಕು ತೆಗೆಯಲು ಹೋಗಬೇಡಿ. ಇದ್ದ ಭಂಗಿಯಲ್ಲೇ ಆನಿಕೆ ಕೊಡಿ.

2. ನೋವಿಗೆ ಔಷಧಿ. ಪ್ಯಾರಾಸಿಟಮಾಲ್ ಒಂದು ಕಿಲೋ ತೂಕಕ್ಕೆ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಗೊಮ್ಮೆ, 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಮೂರು ತಿಂಗಳೊಳಗಿನ ಕೂಸಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಬಾಟಲಿಯ ಮೇಲಿನ ಪ್ರಮಾಣವನ್ನು ಪ್ರತಿ ಸಲ ಓದಿ. 8 ಕಿಲೋ ಮಗುವಿಗೆ 120 ಮಿಲಿಗ್ರಾಂ ಬೇಕು. 5 ಮಿಲಿಗೆ 120 ಮಿಲಿಗ್ರಾಂ ಇರುವ ಸಿರಪ್ ಆದರೆ ಅದು 5 ಮಿಲಿ. 1 ಮಿಲಿಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ 1.2 ಮಿಲಿ ಮಾತ್ರ. ಡ್ರಾಪ್ಸನ್ನು ಸಿರಪ್ಪಿನ ಅಳತೆಯಲ್ಲಿ ಕೊಟ್ಟರೆ ನಾಲ್ಕು ಪಟ್ಟು ಹೆಚ್ಚಾಗಿ ಯಕೃತ್ತಿಗೆ ಏಟು ಬೀಳುತ್ತದೆ. ಆಸ್ಪಿರಿನ್ ಬೇಡ.

3. ಆನಿಕೆ ಕಟ್ಟುವುದು. ಕೈಯಾದರೆ ಮಡಚಿದ ಸ್ಥಿತಿಯಲ್ಲೇ ಎದೆಗೆ ಒರಗಿಸಿ, ಅಂಗಿಯ ತೋಳನ್ನು ಅಂಗಿಯ ಮುಂಭಾಗಕ್ಕೆ ಟೇಪು ಹಚ್ಚಿ ನಿಲ್ಲಿಸಿ. ಕಣಕಾಲಾದರೆ ಹತ್ತಿ ಸುತ್ತಿ, ರಟ್ಟಿನ ಪಟ್ಟಿಯನ್ನು ಮೇಲಿನ ಮತ್ತು ಕೆಳಗಿನ ಕೀಲು ಎರಡನ್ನೂ ದಾಟುವಂತೆ ಇಟ್ಟು ಕ್ರೇಪ್ ಬ್ಯಾಂಡೇಜ್ ಸಡಿಲವಾಗಿ ಸುತ್ತಿ. ಭಾರದ ಹಲಗೆ ಬೇಡ, ಅದರ ತುದಿಯಲ್ಲೇ ಇನ್ನೊಂದು ಮುರಿತವಾಗುತ್ತದೆ. ತೊಡೆಯಾದರೆ ಕಾಲುಗಳ ನಡುವೆ ಮಡಚಿದ ಟವೆಲ್ ಇಟ್ಟು, ಫೋಮ್ ಹಾಸಿನ ಸಮೇತ ಇಡೀ ಮಗುವನ್ನು ಎತ್ತಿ. ಬೆರಳ ತುದಿಗಳು ಕಾಣುವಂತಿರಲಿ.

4. ಹೊರಡುವುದು. ತೊಡೆ ಮುರಿತ, ತಲೆಗೆ ಪೆಟ್ಟು, ಬಿಳಿಚಿಕೊಂಡ ಮೈ, ಮಂಪರು, ಉಸಿರಾಟದ ತೊಂದರೆ ಇದ್ದರೆ 108ಕ್ಕೆ ಕರೆಮಾಡಿ. ತೊಡೆಯ ಮುರಿತದಲ್ಲಿ ಹೊರಗೆ ಕಾಣದೆ ಒಳಗೇ ರಕ್ತ ಸೋರುತ್ತದೆ. ಆಟೋದಲ್ಲಿ ಹೋಗುವುದಾದರೆ ದೊಡ್ಡವರು ಸೀಟಿನ ನಡುವೆ ಕೂತು, ತೊಡೆಯ ಮೇಲೆ ದಿಂಬಿಟ್ಟು, ಹಾಸಿನ ಸಮೇತ ಮಗುವನ್ನು ಇಟ್ಟುಕೊಳ್ಳಲಿ. ಹಂಪು, ಗುಂಡಿಗಳ ಬಗ್ಗೆ ಚಾಲಕನಿಗೆ ಹೊರಡುವ ಮೊದಲೇ ಹೇಳಿ.

5. ಆಸ್ಪತ್ರೆಯಲ್ಲಿ. ಪತ್ರ ತೋರಿಸಿ. ಎಕ್ಸ್‌ರೇಗೆ ಮಗುವನ್ನು ನೀವೇ ಹೊಂದಿಸುವುದಾಗಿ ಕೇಳಿ. ರಕ್ತದೊತ್ತಡದ ಪಟ್ಟಿ, ರಕ್ತ ತೆಗೆಯುವಾಗ ಬಿಗಿಯುವ ರಬ್ಬರು, ಲಸಿಕೆ ಹಾಕುವಾಗ ಕಾಲನ್ನು ಒತ್ತಿಹಿಡಿಯುವುದು ಇವುಗಳಿಂದಲೂ ಮುರಿಯಬಹುದೆಂದು ಹೇಳಿ. ಹಾಗೆಂದು ಲಸಿಕೆ ತಪ್ಪಿಸಬೇಡಿ. ಈ ಮಕ್ಕಳಿಗೆ ನ್ಯುಮೋನಿಯಾ ದೊಡ್ಡ ಶತ್ರು.

ಒಐ ಮೂಳೆ ಮುರಿಯುವುದು ಸುಲಭ, ಆದರೆ ಕೂಡುವುದೂ ಸುಮಾರಾಗಿ ಎಲ್ಲ ಮಕ್ಕಳಷ್ಟೇ ಬೇಗ. ಆದ್ದರಿಂದ ಪ್ಲಾಸ್ಟರ್ ಹಗುರವಿರಲಿ, ಎಷ್ಟು ಕಡಿಮೆ ಕಾಲ ಸಾಧ್ಯವೋ ಅಷ್ಟೇ ಇರಲಿ. ಬಿಚ್ಚುವ ದಿನವನ್ನು ಅಂದೇ ಕೇಳಿ ಬರೆದುಕೊಳ್ಳಿ. "ಇರಲಿ ಬಿಡಿ, ಗಟ್ಟಿಯಾಗಲಿ" ಎಂದು ಮುಂದೂಡಿದರೆ ಒಳಗೆ ಮೂಳೆ ಸೊರಗಿ, ಬಿಚ್ಚಿದ ವಾರದಲ್ಲೇ ಪಕ್ಕದಲ್ಲಿ ಮುರಿಯುತ್ತದೆ. ಬೆರಳು ನೀಲಿ, ತಣ್ಣಗೆ, ಊದಿಕೊಂಡಿದ್ದರೆ, ಔಷಧಿಗೂ ಅಳು ನಿಲ್ಲದಿದ್ದರೆ ರಾತ್ರಿಯಾದರೂ ಓಡಿ.

ನಾಟಿ ಕಟ್ಟಿನ ಬಗ್ಗೆ ನೇರವಾಗಿಯೇ ಹೇಳಬೇಕು: ಈ ಮಗುವಿಗೆ ಬೇಡ. ಎಳೆದು ಕೂರಿಸುವಾಗ ಹೊಸ ಮುರಿತವಾಗುತ್ತದೆ, ಬಿದಿರು ದಬ್ಬೆಯ ಬಿಗಿಕಟ್ಟಿನಲ್ಲಿ ರಕ್ತಸಂಚಾರ ನಿಂತರೆ ಕೈಕಾಲನ್ನೇ ಕಳೆದುಕೊಳ್ಳಬೇಕಾದೀತು.

## 7. ಡ್ರಿಪ್, ಆಹಾರ, ಲೋಹದ ಸರಳು

ಮಧ್ಯಮ ಮತ್ತು ತೀವ್ರ ಒಐಗೆ ಬಿಸ್‌ಫಾಸ್ಫೊನೇಟ್ ಡ್ರಿಪ್ ಕೊಡುತ್ತಾರೆ. ಪಾಮಿಡ್ರೊನೇಟ್ ಆದರೆ ಸಾಮಾನ್ಯವಾಗಿ ಸತತ ಮೂರು ದಿನದ ಸುತ್ತು, ಎರಡು ವರ್ಷದೊಳಗೆ ಎರಡು ತಿಂಗಳಿಗೊಮ್ಮೆ, ಮೂರು ದಾಟಿದ ಮೇಲೆ ನಾಲ್ಕು ತಿಂಗಳಿಗೊಮ್ಮೆ. ಝೋಲೆಡ್ರೊನಿಕ್ ಆಮ್ಲವಾದರೆ ಒಂದೇ ದಿನ, ದೊಡ್ಡ ಮಕ್ಕಳಿಗೆ ಆರು ತಿಂಗಳಿಗೊಮ್ಮೆ. ಇದು ಕೊಲಾಜೆನ್ ದೋಷ ಸರಿಪಡಿಸುವುದಿಲ್ಲ, ಮೂಳೆ ಕರಗುವುದನ್ನು ತಡೆದು ಸಾಂದ್ರತೆ ಹೆಚ್ಚಿಸುತ್ತದೆ.

ಡ್ರಿಪ್‌ಗೆ ಮೊದಲು ರಕ್ತದ ಕ್ಯಾಲ್ಸಿಯಂ, ವಿಟಮಿನ್ ಡಿ, ಕಿಡ್ನಿ ಪರೀಕ್ಷೆ ಆಗಿದೆಯೇ ಕೇಳಿ. ಮೊದಲ ಸಲ ಒಂದೆರಡು ದಿನ ಜ್ವರ, ಮೈನೋವು ಬರುವುದು ಸಾಮಾನ್ಯ. ಕೈಬೆರಳು ಸೆಟೆದುಕೊಂಡರೆ, ಮೈ ಅದುರಿದರೆ, ಫಿಟ್ಸ್ ಬಂದರೆ ಕ್ಯಾಲ್ಸಿಯಂ ಇಳಿದಿದೆ ಎಂದರ್ಥ, ತಕ್ಷಣ ಆಸ್ಪತ್ರೆಗೆ. ಉಸಿರಾಟದ ತೊಂದರೆ ಇರುವ ಎಳೆ ಕೂಸಿಗೆ ಮೊದಲ ಡ್ರಿಪ್ ಒಳರೋಗಿಯಾಗಿಯೇ ಆಗಲಿ.

ಆಹಾರಕ್ಕೆ ನಮ್ಮ ರಾಗಿ ಮಣ್ಣಿ, ಮೊಸರು, ಸೊಪ್ಪು, ಬೇಳೆ, ಮೊಟ್ಟೆ ಸಾಕು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 500 ಮಿಲಿಗ್ರಾಂ. ಹೆಚ್ಚು ಕೊಟ್ಟರೆ ಮೂಳೆ ಹೆಚ್ಚು ಗಟ್ಟಿಯಾಗುವುದಿಲ್ಲ, ಕಿಡ್ನಿಯಲ್ಲಿ ಕಲ್ಲಾಗಬಹುದು. ವಿಟಮಿನ್ ಡಿ ಮೊದಲ ವರ್ಷ ದಿನಕ್ಕೆ 400 ಯೂನಿಟ್. ದೊಡ್ಡವರಿಗೆಂದು ತಂದ 60,000 ಯೂನಿಟ್ ಪುಡಿಯನ್ನು ಕೂಸಿಗೆ ಹಾಕಬೇಡಿ. ತೂಕ ಮಿತಿಮೀರದಂತೆ ನೋಡಿ, ಪ್ರತಿ ಹೆಚ್ಚುವರಿ ಕಿಲೋವನ್ನೂ ಆ ಮೂಳೆಗಳೇ ಹೊರಬೇಕು.

ತೊಡೆ, ಕಣಕಾಲು ಬಾಗಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮುರಿಯುತ್ತಿದ್ದರೆ ಮೂಳೆಯೊಳಗೆ ಸರಳು ಹಾಕುತ್ತಾರೆ. ಬೆಳೆಯುವ ಮಗುವಿಗೆ ಮೂಳೆಯ ಜೊತೆ ಉದ್ದವಾಗುವ ಸರಳು ಸಿಗುತ್ತದೆಯೇ ಎಂದು ಕೇಳಿ. ಕೊನೆಯ ಡ್ರಿಪ್ ದಿನಾಂಕವನ್ನು ಶಸ್ತ್ರಚಿಕಿತ್ಸಕರಿಗೆ ತಪ್ಪದೆ ಹೇಳಿ.

## 8. ಮೂಳೆಯಾಚೆ ಕಣ್ಣಿಡಬೇಕಾದದ್ದು

ಹಲ್ಲು ಕಂದು ಅಥವಾ ಬೂದು ನೀಲಿ ಇದ್ದರೆ ಬೇಗ ಸವೆಯುತ್ತದೆ. ಮೊದಲ ಹಲ್ಲು ಬಂದಾಗಲೇ ದಂತವೈದ್ಯರಿಗೆ ತೋರಿಸಿ, ಡ್ರಿಪ್ ನಡೆಯುತ್ತಿದೆ ಎಂದು ತಿಳಿಸಿ. ಶಾಲೆಗೆ ಸೇರುವ ಮೊದಲು ಕಿವಿ ಪರೀಕ್ಷೆ ಆಗಲಿ. ಬೆನ್ನು ಸೊಟ್ಟಗಾಗುತ್ತಿದೆಯೇ ಎಂದು ಪ್ರತಿ ಭೇಟಿಯಲ್ಲೂ ನೋಡಿಸಿ. ಕೆಮ್ಮಿದಾಗ ತಲೆನೋವು, ನುಂಗಲು ಕಷ್ಟ, ಇದ್ದ ನಡಿಗೆ ತಪ್ಪುವುದು ಕಂಡರೆ ತಲೆಬುರುಡೆಯ ತಳ ಕತ್ತಿನ ಮೂಳೆಯ ಮೇಲೆ ಕುಸಿಯುತ್ತಿರಬಹುದು, ತಡಮಾಡಬೇಡಿ.

## 9. ಕಾಗದಪತ್ರ, ಮುಂದಿನ ಬಸಿರು, ಅಂಗನವಾಡಿ

2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಯ ಪಟ್ಟಿಯಲ್ಲಿ ಒಐಗೆ ಬಿಸ್‌ಫಾಸ್ಫೊನೇಟ್ ಚಿಕಿತ್ಸೆ ಸೇರಿದೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರ ಈ ನೀತಿಯಡಿ ಗುರುತಿಸಿದ ಕೇಂದ್ರ. ಅಲ್ಲಿ ನೋಂದಾಯಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಚಲನ ವೈಕಲ್ಯಕ್ಕೆ ಯುಡಿಐಡಿ ಕಾರ್ಡಿಗೂ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅರ್ಜಿ ಹಾಕಿ.

ಇನ್ನೊಂದು ಮಗುವಿನ ಯೋಚನೆ ಇದ್ದರೆ ಬಸಿರಾಗುವ ಮೊದಲೇ ಈ ಮಗುವಿನ ಜೀನ್ ಪರೀಕ್ಷೆ ಮುಗಿಸಿ. ಸೋದರಮಾವ ಅಥವಾ ಅತ್ತೆ-ಮಾವನ ಮಕ್ಕಳಲ್ಲಿ ಮದುವೆಯಾದವರಿಗೆ ಇದು ಹೆಚ್ಚು ಮುಖ್ಯ: ತಂದೆತಾಯಿ ಇಬ್ಬರೂ ವಾಹಕರಾದರೆ (ತಮಗೆ ರೋಗವಿಲ್ಲದೆ ದೋಷದ ಜೀನ್ ಹೊತ್ತವರಾದರೆ) ಪ್ರತಿ ಬಸಿರಿನಲ್ಲೂ 25 ಶೇಕಡಾ ಸಾಧ್ಯತೆ. ಹೆತ್ತವರಲ್ಲಿ ಒಬ್ಬರಿಗೇ ಪ್ರಬಲ ಬಗೆಯ (ಒಬ್ಬರಿಂದ ಬಂದ ಒಂದೇ ದೋಷದ ಜೀನ್ ರೋಗಕ್ಕೆ ಸಾಕಾಗುವ) ಒಐ ಇದ್ದರೆ 50 ಶೇಕಡಾ.

ಅಂಗನವಾಡಿಗೆ ಕಳಿಸುವ ಮೊದಲು ಕಾರ್ಯಕರ್ತೆಗೆ ಎತ್ತುವ ಕ್ರಮವನ್ನು ಕೈಹಿಡಿದು ಕಲಿಸಿ, ಪತ್ರದ ಪ್ರತಿ ಮತ್ತು ಮುರಿತದ ಚೀಲ ಅಲ್ಲೂ ಒಂದಿರಲಿ. ಗೋಡೆ ಬದಿಯ, ಓಡಾಟವಿಲ್ಲದ ಜಾಗದಲ್ಲಿ ಕೂರಿಸಲು ಹೇಳಿ. ಮಾತು ಬಂದ ಮಗುವಿಗೆ "ಕೈ ಎಳೀಬೇಡಿ, ಕೆಳಗಿಂದ ಎತ್ತಿ" ಎಂದು ಹೇಳುವುದನ್ನು ಎರಡೂವರೆ, ಮೂರು ವರ್ಷಕ್ಕೇ ಕಲಿಸಿ. ತನ್ನ ಮೈ ಎಲ್ಲಿ ನೋಯುತ್ತದೆಂದು ಅದಕ್ಕೇ ಮೊದಲು ಗೊತ್ತಾಗುವುದು, ಅದು ಬೇಡ ಎಂದಾಗ ಎತ್ತುವವರು ಕೈ ಹಿಂದೆಗೆಯಬೇಕು.